ಬೆನ್ನಿಗೆ ಕೊಡುವ ಸೂಜಿ: ಸಿಸೇರಿಯನ್ ಹೆರಿಗೆ ಮತ್ತು ಅರಿವಳಿಕೆ

ಕಳೆದ ತಿಂಗಳು ಜುಮಾ ಮುಗಿದ ಮೇಲೆ ಪಾಂಡವಪುರ ಕಡೆಯ ಯುವಕನೊಬ್ಬ ನಮ್ಮ ಬಳಿ ಬಂದು ಕುಳಿತ. ಹೆಂಡತಿಗೆ ದಿನ ತುಂಬಿದೆ, ಸಿಸೇರಿಯನ್ ಆಗಬಹುದೆಂದು ಡಾಕ್ಟರು ಹೇಳಿದ್ದಾರೆ. "ಹಜ್ರತ್, ಬೆನ್ನಿಗೆ ಸೂಜಿ ಹಾಕಿಸಿದ್ರೆ ಜೀವನಪೂರ್ತಿ ಸೊಂಟ ಹೋಗುತ್ತೆ ಅಂತಾರೆ ಅಮ್ಮಿ. ಸೂಜಿ ಹಾಕೋರೂ ಗಂಡಸಂತೆ. ಏನು ಮಾಡ್ಲಿ?" ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲದಿಂದಲೂ ಇದೇ ಪ್ರಶ್ನೆ ಬರುತ್ತಿರುವುದರಿಂದ ಖುತ್ಬಾದಲ್ಲಿ ಇದನ್ನೇ ಎತ್ತಿಕೊಂಡೆವು. ಅದರ ಸಾರಾಂಶ ಇಲ್ಲಿದೆ.

ಸಿಸೇರಿಯನ್‌ಗೆ ಈಗ ಹೆಚ್ಚಾಗಿ ಕೊಡುವುದು ಬೆನ್ನಿನ ಅರಿವಳಿಕೆ. ತಾಯಿಯನ್ನು ಕೂರಿಸಿ ಅಥವಾ ಮಗ್ಗುಲಾಗಿ ಮಲಗಿಸಿ, ಬೆನ್ನು ಬಾಗಿಸಲು ಹೇಳುತ್ತಾರೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಸೂಜಿಯಿಂದ ಎರಡು ಮಿಲಿಲೀಟರಿನಷ್ಟು ಔಷಧಿ ಹೋಗುತ್ತದೆ. ನರಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ. ಕೆಲವೇ ನಿಮಿಷಗಳಲ್ಲಿ ಎದೆಯ ಕೆಳಗಿನ ಭಾಗ ಜೋಮು ಹಿಡಿಯುತ್ತದೆ. ಮುಟ್ಟಿದ್ದು, ಎಳೆದದ್ದು ತಿಳಿಯುತ್ತದೆ, ಕೊಯ್ದ ನೋವು ತಿಳಿಯುವುದಿಲ್ಲ. ತಾಯಿ ಎಚ್ಚರವಾಗಿದ್ದು ಮಗುವಿನ ಮೊದಲ ಅಳು ಕೇಳುತ್ತಾಳೆ. ಮಗುವಿಗೆ ಸೇರುವ ಔಷಧಿ ಅತ್ಯಲ್ಪ.

ಸೂಜಿ ಹಾಕಿದ ಮೇಲೆ ಅರಿವಳಿಕೆ ತಜ್ಞರ ಕೆಲಸ ಮುಗಿಯಿತೆಂದು ನಾವೂ ತಿಳಿದಿದ್ದೆವು. ನಿಜವಾದ ಕೆಲಸ ಶುರುವಾಗುವುದೇ ಆಗ. ರಕ್ತದೊತ್ತಡ ಹಠಾತ್ತನೆ ಇಳಿಯಬಹುದು. ವಾಕರಿಕೆ, ನಡುಕ ಬರಬಹುದು. ಆಪರೇಷನ್ ಮುಗಿಯುವ ತನಕ ಅವರು ತಲೆಯ ಬಳಿ ನಿಂತು ನಾಡಿ, ಉಸಿರು, ರಕ್ತದೊತ್ತಡ ನೋಡುತ್ತಾ ಡ್ರಿಪ್, ಔಷಧಿ ಕೊಡುತ್ತಿರುತ್ತಾರೆ. ನಾವು ಸಿಹಿ ಹಂಚುವುದು ಹೆರಿಗೆ ಡಾಕ್ಟರಿಗೆ, ಇವರ ಹೆಸರನ್ನೂ ಕೇಳುವುದಿಲ್ಲ!

ಇನ್ನು ಸೊಂಟನೋವು. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಕಾಡುವ ನೋವಿಗೆ ಸೂಜಿ ಕಾರಣವಲ್ಲ. ಸಹಜ ಹೆರಿಗೆಯಾದವರಿಗೂ ಅದು ಇದೆ. ಗರ್ಭದ ಭಾರ, ಸಡಿಲಾದ ಕೀಲುಗಳು, ಬಗ್ಗಿ ಕೂತು ಹಾಲುಣಿಸುವುದು, ಬೇಗನೆ ಕೊಡ ಹೊರುವುದು ಇದಕ್ಕೆ ಕಾರಣ. ಕೆಲವರಿಗೆ ಒಂದೆರಡು ದಿನದಲ್ಲಿ ತಲೆನೋವು ಬರುವುದುಂಟು, ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಅದನ್ನು ಮನೆಮದ್ದಿನಲ್ಲಿ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು.

ಅತಿ ರಕ್ತಸ್ರಾವ, ರಕ್ತ ಹೆಪ್ಪುಗಟ್ಟದ ತೊಂದರೆ, ಒಂದು ನಿಮಿಷವೂ ಕಾಯಲಾಗದ ಸ್ಥಿತಿ ಇದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಆಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಕ್ಕಾಗಿಯೇ ನಿಗದಿತ ಆಪರೇಷನ್ನಿಗೆ ಆರು ಗಂಟೆ ಮುಂಚಿನಿಂದ ಊಟ ಬೇಡ ಎನ್ನುತ್ತಾರೆ. ಬರೀ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೆ ಬಿಡುತ್ತಾರೆ. ಸೂರಃ ಮರ್ಯಮ್‌ನಲ್ಲಿ ಹೆರಿಗೆ ನೋವಿನ ತಾಯಿಗೆ ಖರ್ಜೂರ, ನೀರು ಸಿಕ್ಕ ಪ್ರಸ್ತಾಪವಿದೆ. ನಮ್ಮ ಅಮ್ಮಂದಿರು ಪ್ರೀತಿಯಿಂದ ಖರ್ಜೂರ ತಿನ್ನಿಸುವುದನ್ನು ತಪ್ಪೆನ್ನುವುದಿಲ್ಲ. ಆದರೆ ಸಿಸೇರಿಯನ್ ಮಾತು ಬಂದಮೇಲೆ ಡಾಕ್ಟರನ್ನು ಕೇಳದೆ ಕೊಡಬಾರದು. ಕೊಟ್ಟಿದ್ದರೆ ಬೈಗುಳಕ್ಕೆ ಹೆದರಿ ಸುಳ್ಳು ಹೇಳಬಾರದು. ಆ ಸುಳ್ಳು ಸೊಸೆಯ ಪ್ರಾಣ ತೆಗೆಯಬಹುದು.

1847ರಲ್ಲಿ ಎಡಿನ್‌ಬರೋದ ಡಾಕ್ಟರ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಕೊಟ್ಟಾಗ, ಹೆರಿಗೆನೋವು ದೇವರು ವಿಧಿಸಿದ ಶಿಕ್ಷೆ, ತಗ್ಗಿಸಬಾರದು ಎಂದವರಿದ್ದರು. ನಮ್ಮ ದೀನಿನಲ್ಲಿ ಆ ಮಾತಿಗೆ ಜಾಗವಿಲ್ಲ. 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ನಿಜಾಮರ ಆಶ್ರಯದಲ್ಲೇ ಕ್ಲೋರೋಫಾರ್ಮ್ ಸುರಕ್ಷತೆಯ ಬಗ್ಗೆ ಎರಡು ಆಯೋಗಗಳು ನಡೆದವು.

ಗಂಡು ಡಾಕ್ಟರ ಪ್ರಶ್ನೆಗೆ ನಮ್ಮ ಉತ್ತರ: ಮಹಿಳಾ ತಜ್ಞರು ಸಿಗುವುದಾದರೆ ಕೇಳಿ. ಸಿಗದಿದ್ದರೆ ತಡಮಾಡಬೇಡಿ. ಅನಿವಾರ್ಯತೆ ನಿಷಿದ್ಧವನ್ನೂ ಸಮ್ಮತವಾಗಿಸುತ್ತದೆ ಎಂಬುದು ಫಿಕ್ಹ್‌ನ ನಿಯಮ. ಬೇಕಾದಷ್ಟೇ ಭಾಗ ತೆರೆದು, ನರ್ಸ್ ಜೊತೆಯಲ್ಲಿದ್ದರೆ ಸಾಕು. ಒಪ್ಪಿಗೆಯ ಸಹಿಗಾಗಿ ದುಬೈನಲ್ಲಿರುವ ಗಂಡನ ಫೋನಿಗೆ ಕಾಯುತ್ತಾ ಕೂರುವವರನ್ನು ಕಂಡಿದ್ದೇವೆ. ವಯಸ್ಕ ರೋಗಿ ಪ್ರಜ್ಞೆಯಲ್ಲಿದ್ದರೆ ಒಪ್ಪಿಗೆ ಆಕೆಯದೇ ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆ ಯುವಕನಿಗೆ ಒಂದು ಕೆಲಸ ವಹಿಸಿದೆವು: ಹೆರಿಗೆಗೆ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು, ಭಾನುವಾರ ಅರಿವಳಿಕೆ ತಜ್ಞರು ಸಿಗುತ್ತಾರೆಯೇ, ರಕ್ತ ಸಿಗುತ್ತದೆಯೇ ಎಂದು ಈಗಲೇ ಕೇಳಿಕೊಂಡು ಬಾ. ಇಲ್ಲವೆಂದರೆ ಮಂಡ್ಯದ ಮಿಮ್ಸ್, ಬೆಳ್ಳೂರಿನ ಆದಿಚುಂಚನಗಿರಿ, ಮೈಸೂರಿನ ಚೆಲುವಾಂಬ, ಯಾವುದು ಹತ್ತಿರವೆಂದು ಮೊದಲೇ ತೀರ್ಮಾನಿಸು. ತಾಯಿ ಕಾರ್ಡ್ ಕೈಚೀಲದಲ್ಲಿರಲಿ. 108ಕ್ಕೆ ಯಾರು ಫೋನ್ ಮಾಡಬೇಕೆಂಬುದು ಅಮ್ಮಿಗೂ ಗೊತ್ತಿರಲಿ.