ಮದುವೆ ಮದ್ದಲ್ಲ

‘ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಬಿಡಿಸಲಾಗದ ಕಗ್ಗಂಟನ್ನು ಕಂಡಾಗಲೆಲ್ಲ ನಗುತ್ತ ಅದನ್ನು ಬಳಸುತ್ತೇವೆ. ಒಂದಕ್ಕೊಂದು ಕಾದು ನಿಂತು ಎರಡೂ ಸಿದ್ಧಿಸದಿರುವ ಇಂತಹ ಸ್ಥಿತಿಯನ್ನು ನಮ್ಮ ತರ್ಕಶಾಸ್ತ್ರವು ‘ಅನ್ಯೋನ್ಯಾಶ್ರಯ ದೋಷ’ ಎಂದು ಕರೆಯುತ್ತದೆ. ಗಾದೆ ಹುಟ್ಟಿದ್ದು ವಿನೋದಕ್ಕಾಗಿ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಎಷ್ಟೋ ಮನೆಗಳಲ್ಲಿ ಅದರ ಉತ್ತರಾರ್ಧವನ್ನು ವೈದ್ಯರ ಚೀಟಿಯೆಂಬಂತೆ ಪಾಲಿಸಲಾಗುತ್ತಿದೆ. ಮಗ ಮಂಕಾಗಿ ಮೂಲೆ ಹಿಡಿದರೆ, ಮಗಳು ತನ್ನಷ್ಟಕ್ಕೆ ತಾನೇ ಮಾತನಾಡತೊಡಗಿದರೆ, ಬಂಧುಬಳಗದ ಸಲಹೆ ಒಂದೇ: ‘ಒಂದು ಮದಿವಿ ಮಾಡ್ರಿ, ಎಲ್ಲಾ ಸರಿ ಹೊಕ್ಕೈತಿ.’ ನಮ್ಮ ಕ್ರೈಸ್ತ ಮನೆಗಳೂ ಇದಕ್ಕೆ ಹೊರತಲ್ಲ.

ಈ ಸಲಹೆ ನಿಜವೆಂದು ತೋರುವುದಕ್ಕೂ ಕಾರಣವಿದೆ. ಸ್ಕಿಜೋಫ್ರೇನಿಯ ಹಾಗೂ ಉನ್ಮಾದ-ಖಿನ್ನತೆಯಂತಹ ತೀವ್ರ ಮನೋರೋಗಗಳು ಸಾಮಾನ್ಯವಾಗಿ ತಲೆದೋರುವುದು ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ. ನಮ್ಮ ಮನೆಗಳಲ್ಲಿ ಕನ್ಯೆ, ವರ ನೋಡುವ ವಯಸ್ಸೂ ಅದೇ. ಉನ್ಮಾದ-ಖಿನ್ನತೆ ಅಲೆಯಂತೆ ಬಂದು ಕೆಲಕಾಲ ತಾನಾಗಿಯೇ ಇಳಿಯುವುದುಂಟು. ಇಳಿದ ಹೊತ್ತಿನಲ್ಲಿ ಮದುವೆಯಾಗಿದ್ದರೆ ‘ನೋಡಿ, ಸರಿಹೋಯಿತು’ ಎಂಬ ಕೀರ್ತಿ ಮದುವೆಗೆ ಸಲ್ಲುತ್ತದೆ. ಮತ್ತೊಮ್ಮೆ ಏರಿದಾಗ ದೂಷಣೆ ಮಾತ್ರ ಹೊಸದಾಗಿ ಹೊಸ್ತಿಲು ದಾಟಿ ಬಂದ ಸೊಸೆಯ ಕಾಲ್ಗುಣಕ್ಕೆ! ಹೀಗೆ ಒಬ್ಬರ ಕಾಯಿಲೆ ಇನ್ನೊಬ್ಬರ ಕಳಂಕವಾಗಿ ಪರಿಣಮಿಸುತ್ತದೆ.

ಮನೋರೋಗವು ಪಾಪದ ಫಲವಲ್ಲ, ಶಾಪವಲ್ಲ, ಗಾಳಿ ಸೋಕಿದ್ದೂ ಅಲ್ಲ. ಮಿದುಳಿನ ಕಾರ್ಯದಲ್ಲಿ ಆಗುವ ಏರುಪೇರು, ವಂಶವಾಹಿಗಳು, ಬದುಕಿನ ಒತ್ತಡಗಳು ಕೂಡಿ ಅದನ್ನು ತರುತ್ತವೆ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ಅವರಲ್ಲಿ ನೂರಕ್ಕೆ 70ರಿಂದ 92ರಷ್ಟು ಜನ, ಕಾಯಿಲೆಗೆ ಅನುಸಾರವಾಗಿ, ಚಿಕಿತ್ಸೆಯಿಂದ ವಂಚಿತರಾಗಿದ್ದರು. ಆಸ್ಪತ್ರೆ ದೂರವಿರುವುದು ಇದಕ್ಕೆ ಒಂದು ಕಾರಣ. ಇನ್ನೊಂದು, ‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆ.

ಈ ಅಂಜಿಕೆಯ ಮೂಲವನ್ನು ಹುಡುಕಿದರೆ ಮತ್ತೆ ಮದುವೆಯ ಚಪ್ಪರಕ್ಕೇ ಬಂದು ನಿಲ್ಲುತ್ತೇವೆ. ಅಣ್ಣನಿಗೆ ಕಾಯಿಲೆಯೆಂದು ಗೊತ್ತಾದರೆ ತಂಗಿಯನ್ನು ಯಾರು ತಂದುಕೊಂಡಾರು? ‘ಆ ಮನೆತನದಾಗ ಹುಚ್ಚೈತಿ’ ಎಂಬ ಒಂದು ಮಾತು ಸಾಕು, ಕೂಡಿಬಂದ ಸಂಬಂಧ ಮುರಿಯಲು. ಆದ್ದರಿಂದ ಹೆತ್ತವರು ಬಾಯಿ ಮುಚ್ಚುತ್ತಾರೆ. ಅವರ ಸಂಕಟ ಸುಳ್ಳಲ್ಲ. ಭಯ ಮಾತ್ರ ಅಳತೆ ಮೀರಿದ್ದು. ಸಾಮಾನ್ಯ ಜನರಲ್ಲಿ ಸ್ಕಿಜೋಫ್ರೇನಿಯ ಬರುವ ಸಂಭವ ಜೀವಮಾನದಲ್ಲಿ ನೂರಕ್ಕೆ ಸುಮಾರು ಒಂದು. ತಂದೆ ಅಥವಾ ತಾಯಿಗೆ ಅಥವಾ ಒಡಹುಟ್ಟಿದವರಿಗೆ ಆ ಕಾಯಿಲೆ ಇದ್ದಲ್ಲಿ ಅದು ನೂರಕ್ಕೆ ಸುಮಾರು ಹತ್ತಕ್ಕೆ ಏರುತ್ತದೆ. ಅಂದರೆ ಅಂತಹ ಮನೆಯಲ್ಲಿಯೂ ನೂರರಲ್ಲಿ ತೊಂಬತ್ತು ಮಂದಿಗೆ ಅದು ತಗಲುವುದಿಲ್ಲ. ಸಕ್ಕರೆ ಕಾಯಿಲೆ ವಂಶದಲ್ಲಿದೆಯೆಂದು ಯಾವ ಸಂಬಂಧವನ್ನೂ ನಾವು ಬಿಟ್ಟಿಲ್ಲವಷ್ಟೆ.

ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮುಂದೇನಾಗುತ್ತದೆ? ಗಂಡನ ಮನೆಗೆ ಬಂದ ಹೆಣ್ಣುಮಗಳು ಗುಳಿಗೆಯನ್ನು ಎಲ್ಲರೆದುರು ನುಂಗಲಾರಳು. ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟು, ಕೊನೆಗೆ ಬಿಟ್ಟೇಬಿಡುತ್ತಾಳೆ. ದುಡಿಮೆಗೆಂದು ಗೋವೆಗೋ ಮಂಗಳೂರಿಗೋ ಹೋದ ಗಂಡು, ಜೊತೆಗಾರರು ನಕ್ಕಾರೆಂದು ಔಷಧಿಯನ್ನು ಊರಲ್ಲೇ ಬಿಟ್ಟು ಹೋಗುತ್ತಾನೆ. ಔಷಧಿ ನಿಂತಾಗ ಕಾಯಿಲೆ ಮರುಕಳಿಸುತ್ತದೆ. ಇನ್ನೊಂದು ಸಂಗತಿ: ಈ ರೋಗಗಳಿಗೆ ಕೊಡುವ ವಾಲ್ಪ್ರೊಯೇಟ್‌ನಂತಹ ಕೆಲವು ಔಷಧಿಗಳು ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲವು; ಬಸಿರಾಗುವ ಮೊದಲೇ ವೈದ್ಯರು ಅವನ್ನು ಬದಲಿಸಬೇಕಾಗುತ್ತದೆ. ವೈದ್ಯರ ಬಳಿಗೆ ಹೋಗುವುದನ್ನೇ ಮುಚ್ಚಿಡಬೇಕಾದ ಮನೆಯಲ್ಲಿ ಈ ಎಚ್ಚರಿಕೆ ಸಾಧ್ಯವೆ? ಇಳಕಲ್ಲಿನ ನೇಕಾರನು ಹಾಸಿನ ಎಳೆಯ ಗುಣವನ್ನು ಅರಿತು, ಗಂಜಿ ಹಚ್ಚಿ, ಆಮೇಲೆ ಮಗ್ಗಕ್ಕೆ ಏರಿಸುತ್ತಾನೆ. ಸೀರೆಗೆ ತೋರಿಸುವ ಈ ವಿವೇಕವನ್ನು ಸಂಸಾರಕ್ಕೂ ತೋರಿಸಬೇಡವೆ?

ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ವಿವಾಹವನ್ನು ಉಂಟುಮಾಡುವುದು ಇಬ್ಬರ ಸ್ವತಂತ್ರ ಸಮ್ಮತಿ. 1983ರ ಕಾನೂನು ಸಂಹಿತೆಯ 1095ನೆಯ ನಿಯಮವು ವಿವಾಹವೆಂದರೇನೆಂದು ವಿವೇಚಿಸಲಾರದವರು, ಮಾನಸಿಕ ಕಾರಣದಿಂದ ಅದರ ಮೂಲಭೂತ ಹೊಣೆಗಳನ್ನು ಹೊರಲಾರದವರು ವಿವಾಹಕ್ಕೆ ಅಸಮರ್ಥರೆನ್ನುತ್ತದೆ. ಗಮನಿಸಬೇಕು: ಮನೋರೋಗ ಬಂದವರೆಲ್ಲರೂ ಅಸಮರ್ಥರೆಂದು ಅದು ಹೇಳುವುದಿಲ್ಲ. ಚಿಕಿತ್ಸೆಯಿಂದ ಸ್ವಸ್ಥರಾಗಿ, ಅರಿತು ಒಪ್ಪಿ, ಹೊಣೆ ಹೊರಬಲ್ಲವರಿಗೆ ಬಾಗಿಲು ತೆರೆದೇ ಇದೆ. ಆದರೆ 1098ನೆಯ ನಿಯಮದ ಪ್ರಕಾರ, ದಾಂಪತ್ಯವನ್ನು ಗಂಭೀರವಾಗಿ ಕದಡಬಲ್ಲ ಗುಣವೊಂದನ್ನು ಸಮ್ಮತಿ ಪಡೆಯುವ ಸಲುವಾಗಿಯೇ ಕಪಟದಿಂದ ಮರೆಮಾಚಿದ್ದರೆ, ವಂಚನೆಗೊಳಗಾಗಿ ಮದುವೆಯಾದವರ ವಿವಾಹವು ಅಸಿಂಧು. ಸತ್ಯವನ್ನು ಹೇಳಿದ್ದರೆ ಉಳಿಯಬಹುದಾಗಿದ್ದ ಸಂಸಾರವನ್ನು ಮುಚ್ಚುಮರೆಯು ಬುಡದಲ್ಲಿಯೇ ಕಡಿದುಹಾಕುತ್ತದೆ.

ಕಾನೂನಿಗಿಂತ ಆಳವಾದ ಪ್ರಶ್ನೆಯೂ ಒಂದುಂಟು. ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಕೂಡದೆಂದು ಜರ್ಮನಿಯ ತತ್ವಜ್ಞಾನಿ ಕಾಂಟ್ ವಾದಿಸಿದನು. ಮಗನ ಕಾಯಿಲೆ ವಾಸಿಯಾಗಲೆಂದು ಬಡವರ ಮನೆಯ ಹೆಣ್ಣನ್ನು ತರುವವರು ಸೊಸೆಯನ್ನಲ್ಲ, ಗುಳಿಗೆಯನ್ನು ತರುತ್ತಿದ್ದಾರೆ. ಆಕೆಯೂ ದೇವರ ಪ್ರತಿರೂಪವೇ ಅಲ್ಲವೆ?

ಮದುವೆ ಫಲಿಸದಿದ್ದಾಗ ಕೆಲವರು ಹಿಡಿಯುವ ದಾರಿ ಹರಕೆಯ ತಾಣಗಳದು. ಪ್ರಾರ್ಥನೆ ಮನಸ್ಸಿಗೆ ಬಲ ನೀಡುತ್ತದೆ, ನಿಜ. ಔಷಧಿಯ ಬದಲಿಗೆ ಅದನ್ನು ನಿಲ್ಲಿಸುವುದು ಭಕ್ತಿಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಗುಣ ಹುಡುಕಿ ಬಂದವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಸುಟ್ಟುಹೋದರು. 28 ಜನ ಪ್ರಾಣ ಕಳೆದುಕೊಂಡರು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ, ಸರ್ಕಾರದ ವೆಚ್ಚದ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ.

ಆ ಚಿಕಿತ್ಸೆ ಇಂದು ಕೈಗೆಟುಕದಷ್ಟು ದೂರವೇನೂ ಇಲ್ಲ. ಧಾರವಾಡದ ಹಳೆಯ ಮಾನಸಿಕ ಆಸ್ಪತ್ರೆ ಈಗ ಡಿಮ್ಹಾನ್ಸ್ ಸಂಸ್ಥೆಯಾಗಿ ಬೆಳೆದಿದೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟರೆ ಅಲ್ಲಿಯೇ ಮನೋರೋಗಕ್ಕೆ ಚಿಕಿತ್ಸೆ ಸಾಧ್ಯವೆಂಬುದನ್ನು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು ತೋರಿಸಿತು. ಅದರ ಆಧಾರದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ನಿಮ್ಹಾನ್ಸ್ ತಜ್ಞರು ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ಸ್ಕಿಜೋಫ್ರೇನಿಯ ಪೀಡಿತರ ಜಾಡು ಹಿಡಿದು ನಡೆಸಿದ ಅಧ್ಯಯನದಲ್ಲಿ, ಕಡಿಮೆ ಬೆಲೆಯ ಗುಳಿಗೆಗಳನ್ನು ಬಿಡದೆ ಸೇವಿಸಿದವರ ಅಸಹಾಯಕತೆ ಇಳಿಯಿತು. ಚಿಕಿತ್ಸೆಯಿಲ್ಲದೆ ಉಳಿದವರದು ಇಳಿಯಲಿಲ್ಲ. ನಮ್ಮ ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ; ನಿಮ್ಮೂರಿನ ಸರದಿ ಯಾವ ವಾರವೆಂದು ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮನೆಯಿಂದ ಹೊರಡಲಾಗದವರು 14416 ಎಂಬ ‘ಟೆಲಿ ಮಾನಸ್’ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಪಟ್ಟಣವಿದೆ. ಮನೋರೋಗಿಗಳ ಪಾಲಕಿಯೆನಿಸಿದ ಸಂತ ಡಿಂಫ್ನಳ ಪುಣ್ಯಕ್ಷೇತ್ರ ಅದು. ಅಲ್ಲಿಗೆ ಬಂದ ರೋಗಿಗಳಿಗೆ ಮಧ್ಯಯುಗದಿಂದಲೂ ಊರಿನ ಸಾಮಾನ್ಯ ಕುಟುಂಬಗಳು ತಮ್ಮ ಮನೆಗಳಲ್ಲಿಯೇ ಇರಲು ಎಡೆ ಕೊಟ್ಟು, ಒಟ್ಟಿಗೆ ಉಂಡು, ಹೊಲದ ಕೆಲಸಕ್ಕೂ ಜೊತೆಗೆ ಕರೆದೊಯ್ದವು. ಇಂದು ವೈದ್ಯರ ಮೇಲ್ವಿಚಾರಣೆಯಲ್ಲಿ ಆ ಪದ್ಧತಿ ಮುಂದುವರಿದಿದೆ. ಅನ್ಯರ ಮಕ್ಕಳನ್ನೇ ಅವರು ಹಾಗೆ ನೋಡಿಕೊಂಡಿರುವಾಗ, ಸ್ವಂತ ಮಗನಿಗೆ ಊಟ, ಔಷಧಿ, ಕೈಗೊಂದು ಕೆಲಸ, ಎರಡು ಒಳ್ಳೆಯ ಮಾತು ದೊರಕಿಸಲು ನಮಗೇಕೆ ಹೆಂಡತಿಯೊಬ್ಬಳು ಬೇಕು?

ಪ್ರಿಯ ಓದುಗರೆ, ಸತ್ಯ ಹೇಳಿರೆಂದು ರೋಗಿಯ ಮನೆಯವರನ್ನು ಒತ್ತಾಯಿಸುವುದು ಸುಲಭ. ಹೇಳಿದ ಸತ್ಯ ಸಂಜೆಯೊಳಗೆ ಓಣಿಯೆಲ್ಲ ಹರಡುವುದಾದರೆ ಯಾರು ತಾನೇ ಹೇಳಿಯಾರು? ಹೇಳುವವರಿಗೆ ಧೈರ್ಯ ಬೇಕು. ಕೇಳುವವರಿಗೆ ನಾಲಗೆಯ ಮೇಲೆ ಹಿಡಿತ ಬೇಕು. ಸಂಬಂಧ ಒಪ್ಪಿಗೆಯಾಗಲಿ, ಆಗದಿರಲಿ, ನಂಬಿ ಹೇಳಿದ ಮಾತನ್ನು ಎದೆಯಲ್ಲಿಯೇ ಇಟ್ಟುಕೊಳ್ಳಿರಿ. ‘ಹುಚ್ಚ’ ಎಂಬ ಪದವನ್ನು ಮಕ್ಕಳ ಬಾಯಿಂದಲೂ ತೆಗೆಸಿರಿ. ಮುಂದಿನ ಬಾರಿ ಯಾರಾದರೂ ‘ಮದಿವಿ ಮಾಡ್ರಿ’ ಎಂದು ಉಪದೇಶಿಸಿದಾಗ, ‘ಮೊದಲು ದವಾಖಾನಿಗೆ ಹೋಗೂಣು, ನಾನೂ ಜೋಡಿ ಬರ್ತೇನಿ’ ಎನ್ನುವ ನೆರೆಯವರು ನೀವಾಗಿರಿ.