ಕುಡುಗೋಲು ಕಾಯುವ ಹೂ

ಅಪರೂಪದ ಹೂವನ್ನು ಉಳಿಸಬೇಕೆಂದರೆ ಸುತ್ತ ಬೇಲಿ ಹಾಕಿ, ಜನ-ದನ ಕಾಲಿಡದಂತೆ ನೋಡಿಕೊಂಡರೆ ಸಾಕು ಎಂದು ನಂಬಿದವರೇ ಹೆಚ್ಚು. ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಕ್ರಿಕ್ಲೇಡ್ ಊರಿನ ಪಕ್ಕ, ಥೇಮ್ಸ್ ಮತ್ತು ಚರ್ನ್ ನದಿಗಳ ನಡುವೆ ಹಬ್ಬಿರುವ ನಾರ್ತ್ ಮೆಡೋ ಹುಲ್ಲುಗಾವಲು ಈ ನಂಬಿಕೆಯನ್ನು ಬುಡಮೇಲು ಮಾಡುತ್ತದೆ. ಬ್ರಿಟನ್ನಿನಲ್ಲಿ ತಾನಾಗಿ ಬೆಳೆಯುವ ಸ್ನೇಕ್ಸ್‌ಹೆಡ್ ಫ್ರಿಟಿಲರಿಯ ಸುಮಾರು ಶೇ. 80 ಪಾಲು ಇರುವುದು ಈ 44 ಹೆಕ್ಟೇರಿನಲ್ಲಿ. ತಲೆತಗ್ಗಿಸಿದ ಗಂಟೆಯಂಥ ಹೂ, ಎಸಳ ತುಂಬ ತಿಳಿ ಮತ್ತು ಗಾಢ ನೇರಳೆಯ ಚೌಕುಳಿ. ಇಷ್ಟು ನಾಜೂಕಿನ ಹೂವಿರುವ ಜಾಗದಲ್ಲಿ ವರ್ಷವರ್ಷವೂ ಹುಲ್ಲು ಕೊಯ್ಯುತ್ತಾರೆ, ದನ ಮೇಯಿಸುತ್ತಾರೆ. ಹೂ ಉಳಿದಿರುವುದೇ ಅದರಿಂದ.

ಗುಟ್ಟಿರುವುದು ತಿಂಗಳ ಲೆಕ್ಕದಲ್ಲಿ. ಏಪ್ರಿಲ್-ಮೇ ಹೊತ್ತಿಗೆ ಅರಳುವ ಹೂವಿಗೆ ರಾಣಿ ದುಂಬಿಗಳು ಬಂದು ಪರಾಗ ಮುಟ್ಟಿಸುತ್ತವೆ. ಬಾಗಿದ್ದ ತೊಟ್ಟು ಆಮೇಲೆ ನೆಟ್ಟಗಾಗಿ, ಕಾಯಿ ಬಲಿತು ಬಿರಿದು, ಚಪ್ಪಟೆ ಬೀಜಗಳು ಉದುರುತ್ತವೆ. ಅಷ್ಟರಲ್ಲಿ ಎಲೆ ಒಣಗಿ, ಗಿಡದ ಸತ್ವವೆಲ್ಲ ನೆಲದೊಳಗಿನ ಗಡ್ಡೆ ಸೇರಿರುತ್ತದೆ. ಕೊಯ್ಲು ಶುರುವಾಗುವುದು ಜುಲೈಯಲ್ಲಿ. ಕುಡುಗೋಲಿಗೆ ಸಿಕ್ಕುವುದು ಫ್ರಿಟಿಲರಿಯ ಒಣ ಕಡ್ಡಿ ಮಾತ್ರ. ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ಚಳಿಗಾಲದ ನೆರೆ ಮೆಕ್ಕಲಿನೊಡನೆ ರಂಜಕವನ್ನೂ ತಂದು ಸುರಿಯುತ್ತದೆ. ಅದು ಮಣ್ಣಲ್ಲೇ ಕೂಡುತ್ತ ಹೋದರೆ ಒರಟು ಹುಲ್ಲು, ಜೇಕು ಎದ್ದುನಿಂತು ಸಣ್ಣ ಗಿಡಗಳನ್ನು ಮುಚ್ಚಿಹಾಕುತ್ತವೆ. ಒಣಹುಲ್ಲಿನ ಹೊರೆ ಆ ಕೊಬ್ಬನ್ನು ಹೊತ್ತೊಯ್ಯುತ್ತದೆ. ಬಳಿಕ ಆಗಸ್ಟ್ 12ರಿಂದ ಫೆಬ್ರವರಿ 12ರ ತನಕ ಮೇಯುವ ಅವಧಿ. ಗೊರಸು ತುಳಿದು ತೆರೆದ ಮಣ್ಣಿನಲ್ಲಿ ಬೀಜಕ್ಕೆ ಮೊಳೆಯಲು ಎಡೆ ಸಿಗುತ್ತದೆ. ಬೇಲಿ ಹಾಕಿ ಸುಮ್ಮನೆ ಬಿಟ್ಟರೆ ಇದಾವುದೂ ನಡೆಯುವುದಿಲ್ಲ.

ಹಾಗಾದರೆ ರೈತರು ಕೊಯ್ಯುತ್ತಲೇ ಇದ್ದ ಉಳಿದ ಹುಲ್ಲುಗಾವಲುಗಳಲ್ಲಿ ಹೂ ಏಕೆ ಹೋಯಿತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1930ರ ದಶಕದಿಂದ 1980ರ ದಶಕದೊಳಗೆ ಇಂಗ್ಲೆಂಡ್, ವೇಲ್ಸ್‌ಗಳ ಹೂಭರಿತ ಹುಲ್ಲುಗಾವಲುಗಳಲ್ಲಿ ಸುಮಾರು ಶೇ. 97 ಕಳೆದುಹೋದವು. ಹಲವನ್ನು ಉತ್ತರು, ಗೊಬ್ಬರ ಸುರಿದರು; ರಸಮೇವಿಗೆಂದು ಮೇ ತಿಂಗಳಲ್ಲೇ, ಬೀಜ ಕಟ್ಟುವ ಮೊದಲೇ ಕೊಯ್ದರು. ಬೀಜದಿಂದ ಹೂವಿಗೆ ಬರಲು ಹಲವು ವರ್ಷ ಹಿಡಿಯುವ ಗಿಡಕ್ಕೆ ಆ ಅವಸರ ತಡೆಯುವುದಿಲ್ಲ. ಇನ್ನು, ಈ ಹೂ ಬ್ರಿಟನ್ನಿನಲ್ಲಿ ತಾನಾಗಿ ಬೆಳೆದದ್ದು ಮೊದಲು ದಾಖಲಾದದ್ದೇ 1736ರಲ್ಲಿ, ಬಹುಶಃ ತೋಟದಿಂದ ತಪ್ಪಿಸಿಕೊಂಡದ್ದು, ಇದಕ್ಕೇಕೆ ಇಷ್ಟು ಉಪಚಾರ ಎನ್ನುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಮೂಲದ ತಕರಾರು ಸದ್ಯಕ್ಕೆ ಬಗೆಹರಿಯುವಂತಿಲ್ಲ, ಬಗೆಹರಿಯಬೇಕಾಗಿಯೂ ಇಲ್ಲ: ಅದೇ ಕೊಯ್ಲಿನ ಲೆಕ್ಕವನ್ನು ನೆಚ್ಚಿಕೊಂಡ ಬೇರೆ ಗಿಡಗಳೂ ಆ ಹುಲ್ಲಿನಲ್ಲಿ ಬಾಳುತ್ತಿವೆ. ಆ ಲೆಕ್ಕದ ಇನ್ನೊಂದು ಪಾಲಾದ ಮೇಯಿಸುವ ಹಕ್ಕನ್ನು ಕ್ರಿಕ್ಲೇಡ್‌ನಲ್ಲಿ ಕೋರ್ಟ್ ಲೀಟ್ ಎಂಬ ಹಳೆಯ ಊರಸಭೆ ಇಂದಿಗೂ ನೋಡಿಕೊಳ್ಳುತ್ತದೆ.