ಕರೆಯೂ ಕುಂದೂ

ದೈವದ ಕರೆಯು ಕುಂದಿಲ್ಲದವರನ್ನೇ ಅರಸಿಕೊಂಡು ಬರುತ್ತದೆಯೆ? ಈ ಪ್ರಶ್ನೆ ನನ್ನದಲ್ಲ, ನನ್ನ ವಿದ್ಯಾರ್ಥಿಯೊಬ್ಬನದು.

1882ರಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ವಸತಿಗೆಂದು ಮೈಸೂರಿನ ಅರಸರು ನೆಲವಿತ್ತು ಏರ್ಪಟ್ಟ ಊರು ವೈಟ್‌ಫೀಲ್ಡ್. ಇಂದು ಅಲ್ಲಿ ಗಾಜಿನ ಸೌಧಗಳ ನಡುವೆ ಹಳೆಯ ಹೆಂಚಿನ ಮನೆಗಳನ್ನು ಹುಡುಕಿ ನೋಡಬೇಕು. ಆ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಈ ತರುಣ ಕ್ರೈಸ್ತ ಮನೆತನದವನು. ಪದವಿ ಮುಗಿಸಿ ದೈವಶಾಸ್ತ್ರ ಓದಿ ಸಭಾಪಾಲಕನಾಗಬೇಕೆಂಬ ಹಂಬಲವುಳ್ಳವನು. ಅವನನ್ನು ಕಳುಹಿಸಬೇಕೆ ಬೇಡವೆ ಎಂಬುದನ್ನು ಸಭೆಯ ಹಿರಿಯರು ಮುಂದಿನ ತಿಂಗಳು ತೀರ್ಮಾನಿಸುವವರಿದ್ದರು. ಒಂದು ಸಂಜೆ ನನ್ನ ಕೊಠಡಿಗೆ ಬಂದು, “ಸಾರ್, ನಾನು ಮುಂಗೋಪಿ. ನಾಲ್ವರೊಡನೆ ಹೊಂದಿಕೊಂಡು ಬಾಳಲು ನನಗೆ ಬಾರದು. ನನ್ನಂಥವನು ಸೇವೆಗೆ ಯೋಗ್ಯನೆ?” ಎಂದ.

ಅವನ ಧರ್ಮಗ್ರಂಥದಿಂದಲೇ ಉತ್ತರ ಹೇಳಹೊರಟೆ. ಮಾತು ಮಂದವಾದ ಮೋಶೆ, ಕರೆಗೆ ಬೆದರಿ ಹಡಗು ಹತ್ತಿ ಓಡಿದ ಯೋನ, ಕೋಳಿ ಕೂಗುವ ಮುನ್ನ ಮೂರು ಬಾರಿ ಗುರುವನ್ನು ಅರಿಯೆನೆಂದ ಪೇತ್ರ, ಇವರನ್ನೆಲ್ಲ ನೆನಪಿಸಿದೆ. “ಅವರು ಗ್ರಂಥದವರು, ಸಾರ್. ನಮ್ಮ ನೆಲದಲ್ಲಿ ನಡೆದಾಡಿದವರು ಯಾರಾದರೂ ಇದ್ದರೆ ಹೇಳಿ” ಎಂದ. ನನ್ನ ಮೇಜಿನ ಮೇಲೆ ಕಿಟ್ಟೆಲ್ಲರ ನಿಘಂಟು ಇತ್ತು.

ಫರ್ಡಿನೆಂಡ್ ಕಿಟ್ಟೆಲ್ಲರು ಜರ್ಮನಿಯ ಪಾದ್ರಿಯೊಬ್ಬರ ಮಗ, ಹುಟ್ಟಿದ್ದು 1832ರಲ್ಲಿ. ಬಾಸೆಲ್ ಮಿಶನ್ನಿನ ಪರವಾಗಿ 1853ರಲ್ಲಿ ಕನ್ನಡನಾಡಿಗೆ ಬಂದರು. ಭಾರತೀಯರಿಗೆ ಭಾರತೀಯನಂತೆಯೇ ಆಗಬೇಕೆಂದು ಕಾಲ್ನಡೆಯಲ್ಲಿ ಊರೂರು ಅಲೆದರು, ಜನರ ಮಾತನ್ನು ಕಿವಿಗೊಟ್ಟು ಕಲಿತರು. ಈ ಹಟ ಜತೆಗಾರರಿಗೆ ಹಿಡಿಸಲಿಲ್ಲ. ಹಿರಿಯರೊಡನೆ ಹೊಂದಿಕೆಯೂ ಆಗಲಿಲ್ಲ. ಮತಪ್ರಚಾರಕರಾಗಿ ಅವರು ಕಂಡ ಯಶಸ್ಸು ಅತ್ಯಲ್ಪ. ಕಳುಹಿಸಿದವರ ಅಳತೆಗೋಲಿನಿಂದ ನೋಡಿದರೆ ಅವರು ಸೋತವರೇ ಸರಿ.

ಆದರೆ ಆ ಹಟವೇ ಗ್ರಂಥಕಾರ್ಯಕ್ಕೆ ತಿರುಗಿದಾಗ ತಪಸ್ಸಾಯಿತು. ಕ್ರಿಸ್ತನ ಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹಾಡಿದ ‘ಕಥಾಮಾಲೆ’ 1862ರಲ್ಲಿ ಬಂತು; ಕೇಶಿರಾಜನ ‘ಶಬ್ದಮಣಿದರ್ಪಣ’ 1872ರಲ್ಲಿ, ನಾಗವರ್ಮನ ಛಂದಶ್ಶಾಸ್ತ್ರ 1875ರಲ್ಲಿ ಅವರ ಸಂಪಾದನೆಯಿಂದ ಅಚ್ಚಾದವು. ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂತು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು.

ಇದನ್ನೆಲ್ಲ ಕೇಳಿ ಹುಡುಗನ ಮುಖ ಅರಳಿತು. “ಹಾಗಾದರೆ ನನ್ನ ಕೋಪವೂ ಒಂದು ಗುಣವೇ ಅನ್ನಿ!” ಎಂದು ನಕ್ಕ.

ಅಲ್ಲಿ ನಾನು ತಡೆಯಬೇಕಾಯಿತು. ಕುಂದು ಗುಣವಲ್ಲ. ಕಿಟ್ಟೆಲ್ಲರ ಒಂಟಿತನಕ್ಕೆ ಅವರೂ ಬೆಲೆ ತೆತ್ತರು, ಜತೆಗಿದ್ದವರೂ ತೆತ್ತಿರಬೇಕು. ನಿಘಂಟಿನ ಹಾಳೆ ಮುನಿಸನ್ನು ಸಹಿಸೀತು. ಸಭಾಪಾಲಕನ ಬಳಿಗೆ ಬರುವವರಾದರೋ ನೊಂದ ಜನ, ಅವರೇಕೆ ಸಹಿಸಬೇಕು? ಕರೆಯು ಕುಂದಿದ್ದವನನ್ನು ದೂರವಿಡುವುದಿಲ್ಲವೆಂಬುದು ನಿಜ; ಕುಂದನ್ನು ಮರೆಮಾಡಲು ಅದು ಹೊದಿಕೆಯಲ್ಲವೆಂಬುದೂ ಅಷ್ಟೇ ನಿಜ. ಯಾರಿಗೆ ಯಾವ ಕೆಲಸ ಒಪ್ಪುವುದೆಂದು ಹುಡುಕುವ ಹೊಣೆ ಕರೆಯಲ್ಪಟ್ಟವನಿಗೂ ಉಂಟು, ಕಳುಹಿಸುವವರಿಗೂ ಉಂಟು.

ಅವನು ಬಹಳ ಹೊತ್ತು ಮೌನವಾಗಿದ್ದ. ಕೊನೆಗೆ, “ಹಿರಿಯರು ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ, ಸಾರ್” ಎಂದು ಎದ್ದ.

ಸಭೆಯ ತೀರ್ಮಾನ ಏನಾಗುವುದೋ ಕಾಣೆ. ಆದರೆ ತನ್ನ ಕುಂದನ್ನು ತಾನೇ ನುಡಿಯಲು ಹೊರಟವನು ಆ ಸಂಜೆಯೇ ಸೇವೆಯ ಮೊದಲ ಮೆಟ್ಟಿಲನ್ನು ಏರಿದನೆಂದು ನನಗೆ ತೋರಿತು.